ಎಪ್ಪತ್ತರ ಹತ್ತಿರ ಬ್ರಶ್ ಹಿಡಿದ ಅಜ್ಜಿ



ಬೆಳಗ್ಗೆ ನಮ್ಮ ಸುಬ್ರಹ್ಮಣ್ಯಪುರದ ರಸ್ತೇಲಿ ಗಾರೆ ಕೆಲಸಕ್ಕೆ ಹೋಗೋ ಅಮ್ಮಂದಿರು ಸಿಗ್ತಾರೆ. ಕೈಲಿ ಬಾಂಡ್ಲಿ, ಕೆಲವರ ಮೊಣಕೈವರೆಗೂ ಹಸಿರು ಹಚ್ಚೆ. ಅವರನ್ನ ಕಂಡಾಗೆಲ್ಲ ನನಗೆ ಜೋಧಯ್ಯಾ ಬಾಯಿ ಬೈಗಾ ನೆನಪಾಗ್ತಾರೆ.

ಮಧ್ಯಪ್ರದೇಶದ ಉಮರಿಯಾ ಜಿಲ್ಲೆಯ ಹಳ್ಳಿಯೊಂದರ ಬೈಗಾ ಆದಿವಾಸಿ ಹೆಣ್ಣುಮಗಳು. ಗಂಡ ಬೇಗ ತೀರಿಕೊಂಡರು. ಮಕ್ಕಳನ್ನ ಸಾಕೋಕೆ ಕಲ್ಲು ಒಡೆದರು, ಸೌದೆ ಮಾರಿದರು. ಬ್ರಶ್ ಹಿಡಿದದ್ದು 2008ರ ಸುಮಾರಿಗೆ, ವಯಸ್ಸು ಎಪ್ಪತ್ತರ ಹತ್ತಿರ.

ಇದನ್ನ ಪವಾಡದ ಥರ ಹೇಳೋದು ನನಗೆ ಹಿಡಿಸಲ್ಲ. ತಡವಾಗಿ ಶುರು ಮಾಡಿದರು ಅಂತೀವಲ್ಲ, ತಡ ಮಾಡಿದ್ದು ಯಾರು?

ಬೈಗಾಗಳು ಕಾಡು ಸವರಿ, ಸುಟ್ಟು, ನೇಗಿಲು ಮುಟ್ಟದೆ ಬಿತ್ತುತ್ತಿದ್ದ ಜನ. ಭೂಮಿತಾಯಿಯ ಎದೆ ಸೀಳಬಾರದು ಅನ್ನೋದು ಅವರ ನಂಬಿಕೆ. ಬ್ರಿಟಿಷ್ ಅರಣ್ಯ ಇಲಾಖೆ ಆ ಬೇಸಾಯವನ್ನ ಹತ್ತಿಕ್ಕಿ, 1890ರಲ್ಲಿ ಮಂಡ್ಲಾ ಕಡೆಯ ಒಂದು ತುಂಡು ಕಾಡಿಗೆ ಕಟ್ಟಿಹಾಕಿತು. ಕಾಡಿನ ಮಕ್ಕಳು ಕೂಲಿಯವರಾದರು. 1939ರಲ್ಲಿ ವೆರಿಯರ್ ಎಲ್ವಿನ್ ಬರೆದ 'ದಿ ಬೈಗಾ' ಲಂಡನ್ನಿನಲ್ಲಿ ಅಚ್ಚಾಯಿತು. ಜೋಧಯ್ಯಾ ಹುಟ್ಟಿದ್ದೂ ಹೆಚ್ಚುಕಮ್ಮಿ ಆಗಲೇ. ಅಲ್ಲಿನವರಿಗೆ ಬೈಗಾಗಳ ಬಗ್ಗೆ ಓದೋಕೆ ದಪ್ಪ ಪುಸ್ತಕ ಸಿಕ್ಕಿತು, ಈ ಬೈಗಾ ಮಗುವಿಗೆ ಸ್ಲೇಟು ಸಿಗಲಿಲ್ಲ.

ಹಾಗಂತ ಕೈಗೆ ಗೆರೆ ಗೊತ್ತಿರಲಿಲ್ವಾ? ಬೈಗಾ ಹೆಂಗಸರ ಮೈತುಂಬಾ ಹಚ್ಚೆ, ಮನೆಯ ಮಣ್ಣಿನ ಮೇಲೆ ಚಿತ್ತಾರ. ನಾವು ಚರ್ಮ ಹದ ಮಾಡಿ ತಮಟೆ ಕಟ್ಟಿದರೆ ಕಸುಬು, ಇನ್ಯಾರೋ ಕ್ಯಾನ್ವಾಸಿಗೆ ಬಣ್ಣ ಹಚ್ಚಿದರೆ ಕಲೆ. ಈ ಗೆರೆ ಎಳೆದದ್ದು ಜಾತಿ.

ಭೋಪಾಲಿನ ಭಾರತ ಭವನದ ಕಥೆ ಕೇಳಿ. 1982ರಲ್ಲಿ ಶುರುವಾದ ಆ ಕಲಾಭವನದ ಕಟ್ಟಡಕ್ಕೆ ಕೂಲಿ ಮಾಡಿದವರಲ್ಲಿ ಭೂರಿ ಬಾಯಿ ಅನ್ನೋ ಭಿಲ್ ಹುಡುಗಿಯೂ ಇದ್ದರು. ಕಲಾವಿದ ಜೆ. ಸ್ವಾಮಿನಾಥನ್ ಕೈಗೆ ಬಣ್ಣ ಕೊಟ್ಟರು. 2021ರಲ್ಲಿ ಪದ್ಮಶ್ರೀ. ಆ ಸೈಟಿನಲ್ಲಿ ಇನ್ನೆಷ್ಟು ಕೈಗಳು ಬರೀ ಇಟ್ಟಿಗೆ ಹೊತ್ತು ಹೋದವೋ!

ಜೋಧಯ್ಯಾರಿಗೆ ಹಾಗೆ ಸಿಕ್ಕವರು ಶಾಂತಿನಿಕೇತನದಲ್ಲಿ ಓದಿದ್ದ ಆಶಿಶ್ ಸ್ವಾಮಿ. ಅವರ ಸ್ಟುಡಿಯೋದಲ್ಲಿ ಅಜ್ಜಿ ಮೊದಲು ನೆಲದ ಮೇಲೆ, ಆಮೇಲೆ ಸೋರೆ, ಕುಂಬಳದ ಮೇಲೆ, ಮರದ ಮೇಲೆ, ಕೊನೆಗೆ ಕಾಗದದ ಮೇಲೆ ಬರೆದರು. ಇಪ್ಪೆ ಮರ, ನವಿಲು, ಹುಲಿದೇವರು. ಇಟಲಿಯ ಮಿಲಾನಿನವರೆಗೂ ಆ ಚಿತ್ರಗಳು ಹೋದವು. 2023ರಲ್ಲಿ ಪದ್ಮಶ್ರೀ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಮೊನ್ನೆ ಸೈಟಿನ ಹತ್ತಿರ ರಾಯಚೂರು ಕಡೆಯ ಒಬ್ಬ ಅಮ್ಮನಿಗೆ ಫೋನಲ್ಲಿ ಆ ಹುಲಿ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. "ಗ್ವಾಡಿಗೆ ಕೆಮ್ಮಣ್ಣು ಬಳದು ಸುಣ್ಣದಾಗ ನಾವೂ ತೆಗೀತಿದ್ವಿ ಯಪ್ಪಾ, ಈಗ ಗ್ವಾಡಿನೇ ನಮ್ಮದಲ್ಲ" ಅಂದ್ರು. ಅಷ್ಟರಲ್ಲಿ ಮೇಸ್ತ್ರಿ ಕೂಗಿದ, ಬಾಂಡ್ಲಿ ಎತ್ಕೊಂಡು ಹೋದರು.