ಬೆಕ್ಕು, ಬೂದಿ ಮತ್ತು ತಿರುಗುವ ಪೆಟ್ಟಿಗೆ

ಹಾನಗಲ್ ತಾಲ್ಲೂಕಿನ ತಿಳವಳ್ಳಿ ಎಂದೊಡನೆ ಇತಿಹಾಸಾಸಕ್ತರಿಗೆ ನೆನಪಾಗುವುದು ಅಲ್ಲಿನ ಶಾಂತೇಶ್ವರ ದೇವಾಲಯ ಮತ್ತು ಊರಿನ ದೊಡ್ಡ ಕೆರೆ. ಆದರೆ ಇತಿಹಾಸ ಗುಡಿಯ ಕಂಬಗಳಲ್ಲಷ್ಟೇ ಅಡಗಿರುವುದಿಲ್ಲ, ಹಿತ್ತಲಿನ ತಿಪ್ಪೆಯಲ್ಲೂ ಇರುತ್ತದೆ. ಅಡುಗೆ ಅನಿಲ ಬರುವ ಮೊದಲು ಈ ಸೀಮೆಯ ಮನೆಮನೆಯ ಒಲೆಯಿಂದಲೂ ದಿನಾ ಬೂದಿ ಹೊರಬೀಳುತ್ತಿತ್ತು. ಪಾತ್ರೆ ತಿಕ್ಕಲು ಒಂದು ಪಾಲು, ಕಾಳಿಗೆ ಹುಳ ಹತ್ತದಂತೆ ಬೆರೆಸಲು ಒಂದು ಪಾಲು, ಅವರೆ, ಕುಂಬಳದ ಬಳ್ಳಿಗೆ ಎರಚಲು ಒಂದಿಷ್ಟು, ಕೂಸು ನೆಲ ಕೆಡಿಸಿದರೆ ಮೇಲೆ ಸುರಿದು ಬಳಿಯಲು ಒಂದು ಹಿಡಿ. ಉಳಿದದ್ದು ತಿಪ್ಪೆಗೆ.

ಆ ಸಡಿಲವಾದ ಬೂದಿಯನ್ನು ಮನೆಯ ಬೆಕ್ಕು ತನ್ನದೆಂದೇ ಭಾವಿಸಿಕೊಂಡಿತ್ತು. ಮುಂಗಾಲಿನಿಂದ ಕೆದರಿ ಕುಳಿ ತೋಡುವುದು, ಕೆಲಸ ಮುಗಿಸುವುದು, ತಿರುಗಿ ಮೂಸಿ ನೋಡುವುದು, ಮತ್ತೆ ಬೂದಿ ಎಳೆದು ಮುಚ್ಚುವುದು. ಈ ವಿದ್ಯೆಯನ್ನು ಅದಕ್ಕೆ ಯಾರೂ ಕಲಿಸಬೇಕಿರಲಿಲ್ಲ. ಮಳೆಗಾಲಕ್ಕೆ ಮುನ್ನ ತಿಪ್ಪೆಯ ಗೊಬ್ಬರ ಚಕ್ಕಡಿ ಹತ್ತಿ ಹೊಲಕ್ಕೆ ಹೋಗುತ್ತಿತ್ತು. ಬೆಕ್ಕಿನ ಮಲ ಎಲ್ಲಿಗೆ ಹೋಯಿತೆಂದು ಯಾರೂ ಕೇಳಿದ್ದಿಲ್ಲ.

ಇಂದು ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ, ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ, ಇದೇ ಕೆಲಸಕ್ಕೆ ವಿದ್ಯುತ್ತಿನಿಂದ ನಡೆಯುವ ಯಂತ್ರವೊಂದು ಮೂಲೆಯಲ್ಲಿ ಕೂತಿರುತ್ತದೆ. ಬೆಕ್ಕು ಒಳಹೊಕ್ಕು ಹೊರಬಂದ ಕೆಲವು ನಿಮಿಷಕ್ಕೆ ಅದು ತನ್ನಷ್ಟಕ್ಕೆ ತಾನೇ ಗುರುಗುಟ್ಟಿ ತಿರುಗುತ್ತದೆ. ಮೇಲ್ದರ್ಜೆಯ ಯಂತ್ರಗಳ ಬೆಲೆ 500 ಡಾಲರಿಗೂ ಮೇಲೆ. ಮಾರುವವರ ಭಾಷೆಯಲ್ಲಿ ಇದು ‘ತಾನೇ ಶುಚಿಯಾಗುವ ಪೆಟ್ಟಿಗೆ’. ಈ ‘ತಾನೇ’ ಎಂಬ ಪದ ಎಷ್ಟರಮಟ್ಟಿಗೆ ನಿಜ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಾಕುಬೆಕ್ಕಿನ ಪೂರ್ವಜ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರವೊಂದು ಸಿಕ್ಕಿದ ಸುದ್ದಿ 2004ರಲ್ಲಿ ಪ್ರಕಟವಾಯಿತು. ಆ ಗೋರಿಯ ವಯಸ್ಸು ಸುಮಾರು 9,500 ವರ್ಷ. ಮರಳುನಾಡಿನ ಪ್ರಾಣಿಯಾದ್ದರಿಂದ ಬೆಕ್ಕಿನ ಮೂತ್ರಪಿಂಡ ನೀರನ್ನು ಬಹಳ ಜಿಪುಣತನದಿಂದ ಬಳಸುತ್ತದೆ. ಅದರ ಮೂತ್ರ ಗಾಢವಾಗಿ, ಕಟುವಾಗಿ ನಾರುವುದು ಅದಕ್ಕೇ. ಸಡಿಲ ನೆಲ ಕಂಡರೆ ಕೆದರುವ, ವಾಸನೆಯನ್ನು ಹೂಳುವ ಅಭ್ಯಾಸವೂ ಆ ನಾಡಿನಿಂದಲೇ ಬಂದದ್ದು.

ಮನುಷ್ಯ ಬೆಕ್ಕನ್ನು ಹತ್ತಿರ ಬಿಟ್ಟುಕೊಂಡದ್ದು ಪ್ರೀತಿಗಿಂತ ಮೊದಲು ಧಾನ್ಯಕ್ಕಾಗಿ. ಹಾನಗಲ್ಲಿನ ಭತ್ತದ ಕಣಜಕ್ಕೂ ಸವಣೂರು ಕಡೆಯ ಜೋಳದ ಹಗೇವಿಗೂ ಇಲಿಯೇ ಶತ್ರು. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳಿಗೆ ಪ್ಲೇಗು ಬಂದು ಜನ ಊರು ಬಿಟ್ಟು ಗುಡಿಸಲು ಸೇರಿದರು. ಅದೇ ವರ್ಷ ಪೌಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ಈ ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಬರೆದ. ಬೇಗ ಯಾರೂ ನಂಬಲಿಲ್ಲ. ನಂಬಿಕೆ ಹುಟ್ಟಿದ ಮೇಲೆ, 1908ರಲ್ಲಿ, ಮಧ್ಯಪ್ರಾಂತದಲ್ಲಿ ಕೆಲಸ ಮಾಡುತ್ತಿದ್ದ ಬುಕಾನನ್ ಎಂಬ ಸೇನಾ ವೈದ್ಯರು ಬೆಕ್ಕುಗಳು ಹೆಚ್ಚಿರುವ ಹಳ್ಳಿಗಳಿಗೆ ಪ್ಲೇಗು ತಟ್ಟುವುದು ಕಡಿಮೆ ಎಂದು ವಾದಿಸಿ, ಬೆಕ್ಕು ಸಾಕಿರೆಂದು ಸಲಹೆ ಕೊಟ್ಟರು. ಕೃಷ್ಣದೇವರಾಯ ಇಲಿ ಕಾಟಕ್ಕೆ ಮನೆಗೊಂದು ಬೆಕ್ಕು ಹಂಚಿದನೆಂಬ ತೆನಾಲಿ ರಾಮನ ಕಥೆ ಬಲ್ಲವರಿಗೆ ಇದು ಹೊಸದೇನಲ್ಲ.

ಹೀಗೆ ಬೆಕ್ಕು ಇದ್ದದ್ದು ಅರ್ಧ ಮನೆಯಲ್ಲಿ, ಅರ್ಧ ಬಯಲಿನಲ್ಲಿ. ಒಲೆಯಲ್ಲಿ ಬೆಕ್ಕು ಮಲಗಿದೆ ಎಂದರೆ ಆ ಮನೆಯಲ್ಲಿ ಅಡುಗೆಯಿಲ್ಲ ಎಂದರ್ಥ. ಬಡತನವನ್ನು ಹೇಳುವ ಮಾತಿನಲ್ಲೂ ಬೆಕ್ಕಿನ ಜೊತೆಗೆ ಬೂದಿಯೇ ಇದೆ.

ಅಮೆರಿಕದಲ್ಲೂ ಕಥೆ ಶುರುವಾಗುವುದು ಬೂದಿಯಿಂದಲೇ. 1947ರ ಜನವರಿ, ಮಿಷಿಗನ್ ರಾಜ್ಯದ ಕಸೊಪೊಲಿಸ್ ಎಂಬ ಸಣ್ಣ ಊರು. ಅಲ್ಲಿನ ಗೃಹಿಣಿಯೊಬ್ಬಳು ತನ್ನ ಬೆಕ್ಕಿನ ಪೆಟ್ಟಿಗೆಗೆ ಮರಳು ಹಾಕುತ್ತಿದ್ದಳು. ಚಳಿಗೆ ಮರಳಿನ ರಾಶಿ ಹೆಪ್ಪುಗಟ್ಟಿತು. ಬೂದಿ ಹಾಕಿದಳು, ಬೆಕ್ಕಿನ ಕಪ್ಪು ಹೆಜ್ಜೆ ಮನೆಯೆಲ್ಲ ಮೂಡಿತು. ಆಕೆ ನೆರೆಯ ಎಡ್ ಲೋ ಎಂಬಾತನ ಬಳಿ ಮರಳು ಕೇಳಿದಳು. ಅವನ ತಂದೆಯದು ಕಾರ್ಖಾನೆಗಳ ನೆಲದ ಮೇಲೆ ಚೆಲ್ಲಿದ ಎಣ್ಣೆ ಹೀರಲು ಮಣ್ಣು, ಮರದ ಹೊಟ್ಟು ಮಾರುವ ವ್ಯಾಪಾರ. ಲೋ ಮರಳಿನ ಬದಲು ಆ ಮಣ್ಣನ್ನೇ ಕೊಟ್ಟ. ಆಕೆಗೆ ಅದು ಎಷ್ಟು ಹಿಡಿಸಿತೆಂದರೆ ಮತ್ತೆ ಅದೇ ಬೇಕೆಂದು ಬಂದಳು.

ಈ ಮಣ್ಣು ನಮ್ಮ ಹೆಣ್ಣುಮಕ್ಕಳಿಗೆ ಪರಿಚಯವಿಲ್ಲದ್ದೇನಲ್ಲ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಬಳಗದ್ದೇ ಅದು. ಹಿಂದೆ ಉಣ್ಣೆಯ ಜಿಡ್ಡು ತೆಗೆಯಲು ಇದನ್ನು ಬಳಸುತ್ತಿದ್ದರು. ಲೋ ಅದನ್ನು ಐದು ಪೌಂಡಿನ ಚೀಲಗಳಲ್ಲಿ ತುಂಬಿ, ಚೀಲಕ್ಕೆ 65 ಸೆಂಟು ಬೆಲೆ ಇಟ್ಟು ಅಂಗಡಿಗೆ ಒಯ್ದ. ಮರಳು ಬಿಟ್ಟಿಯಾಗಿ ಸಿಗುವಾಗ ಮಣ್ಣಿಗೆ ದುಡ್ಡು ಕೊಡುವವರಾರು ಎಂದು ಅಂಗಡಿಯವನು ನಕ್ಕ. ಹಾಗಾದರೆ ಬಿಟ್ಟಿ ಕೊಡು ಎಂದ ಲೋ. ಬಿಟ್ಟಿ ಪಡೆದವರು ದುಡ್ಡು ಹಿಡಿದು ಹಿಂತಿರುಗಿದರು. 1990ರಲ್ಲಿ ಅವನು ಆ ಉದ್ಯಮವನ್ನು ಮಾರಿದಾಗ ಬಂದದ್ದು ಸುಮಾರು 20 ಕೋಟಿ ಡಾಲರ್. ಮಣ್ಣು ಮಾರಿ ಕುಬೇರನಾದವನೆಂದರೆ ಈತನೇ. ಅದಕ್ಕಿಂತ ಮುಖ್ಯವಾದ ಪರಿಣಾಮ ಇನ್ನೊಂದಿದೆ: ಬೆಕ್ಕನ್ನು ಜೀವಮಾನವಿಡೀ ಹೊರಗೆ ಬಿಡದೆ ಸಾಕುವುದು ಸಾಧ್ಯವಾಯಿತು.

ಎರಡನೆಯ ತಿರುವು 1984ರದ್ದು. ಥಾಮಸ್ ನೆಲ್ಸನ್ ಎಂಬ ಜೀವರಸಾಯನಶಾಸ್ತ್ರಜ್ಞ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಒಣಗಿಸಿ, ಪುಡಿಮಾಡಿ ಹಾಕಿದರೆ ಒದ್ದೆಯಾದ ಭಾಗವಷ್ಟೇ ಉಂಡೆ ಕಟ್ಟುತ್ತದೆಂದು ಕಂಡ. ಉಂಡೆಯನ್ನು ಮಾತ್ರ ಸೋಸಿ ತೆಗೆದು ಉಳಿದದ್ದನ್ನು ಹಾಗೇ ಬಿಡಬಹುದು. ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿದ್ದ ಮಣ್ಣನ್ನೆಲ್ಲ ಎಸೆಯಬೇಕಾಗುತ್ತಿತ್ತು.

ಈ ಉಂಡೆ ಕಟ್ಟುವ ಗುಟ್ಟು ಹಾವೇರಿ ಜಿಲ್ಲೆಯ ರೈತರ ಕಾಲಿಗೆ ದಿನವೂ ಅಂಟುವಂಥದ್ದು. ತಿಳವಳ್ಳಿಯ ಭತ್ತದ ಗದ್ದೆಗಳಿಂದ ಸವಣೂರಿನ ಕಡೆ ನಡೆದರೆ ಎರೆಭೂಮಿ ಎದುರಾಗುತ್ತದೆ. ಬೇಸಿಗೆಯಲ್ಲಿ ಆ ನೆಲ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ, ಹಸಿಯಲ್ಲಿ ಕಾಲಿಟ್ಟರೆ ಮೆಟ್ಟು ಬಿಡುವುದಿಲ್ಲ. ಕಾರಣ, ಅದರಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಬೆಂಟೊನೈಟ್ ಎಂದರೂ ಮುಖ್ಯವಾಗಿ ಇದೇ ಖನಿಜ, ಇನ್ನಷ್ಟು ಶುದ್ಧ ರೂಪದಲ್ಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಜೋಡೆತ್ತು ಮಾಡುವಾಗ ಕೈಗೆ ಸಿಗುವ ಜಿಗುಟೂ, ಬೆಕ್ಕಿನ ಪೆಟ್ಟಿಗೆಯ ಉಂಡೆಯ ಬಿಗಿಯೂ ಒಂದೇ ತತ್ವದವು. ಭಾರತದಲ್ಲಿ ಬೆಂಟೊನೈಟ್ ಮುಖ್ಯವಾಗಿ ಅಗೆಯುವುದು ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾರ್ಮೇರ್‌ನಲ್ಲಿ. ಅದರಲ್ಲಿ ಒಂದು ಪಾಲು ಪರದೇಶದ ಬೆಕ್ಕುಗಳಿಗಾಗಿ ಹಡಗು ಹತ್ತುತ್ತದೆ.

ಉಂಡೆ ಕಟ್ಟುವ ಮಣ್ಣು ಬಂದದ್ದೇ ಯಂತ್ರಕ್ಕೆ ದಾರಿಯಾಯಿತು. ಗಟ್ಟಿ ಉಂಡೆಯಿದ್ದರೆ ತಾನೆ ಅದನ್ನು ಜರಡಿ ಹಿಡಿಯಬಹುದು! 1990ರ ದಶಕದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಲಿಟರ್‌ಮೇಡ್’ ಎಂಬುದರಲ್ಲಿ ಹಲ್ಲಿರುವ ಕುಂಟೆಯೊಂದಿತ್ತು. ಬೆಕ್ಕು ಬಂದದ್ದನ್ನು ಅವಗೆಂಪು ಕಿರಣದಿಂದ ಗುರುತಿಸಿ, ಅದು ಹೋದ ಹತ್ತು ನಿಮಿಷಕ್ಕೆ ಕುಂಟೆ ಹೊಡೆದು ಉಂಡೆಗಳನ್ನು ತುದಿಯ ಮುಚ್ಚಳದ ಡಬ್ಬಕ್ಕೆ ತಳ್ಳುತ್ತಿತ್ತು. 2000ದ ಸುಮಾರಿಗೆ, ಮತ್ತೆ ಮಿಷಿಗನ್‌ನಲ್ಲೇ, ಬ್ರಾಡ್ ಬ್ಯಾಕ್ಸ್‌ಟರ್ ಎಂಬಾತ ತಂದ ‘ಲಿಟರ್ ರೋಬೋಟ್’ನಲ್ಲಿ ಕುಂಟೆಯಿಲ್ಲ. ದೊಡ್ಡ ಗುಡಾಣದಂಥ ಗೋಳ ಇಡಿಯಾಗಿ ಹೊರಳುತ್ತದೆ, ಸಣ್ಣ ಮಣ್ಣು ಜರಡಿಯಲ್ಲಿ ಇಳಿದುಹೋಗುತ್ತದೆ, ಉಂಡೆಗಳು ಕೆಳಗಿನ ಖಾನೆಗೆ ಬೀಳುತ್ತವೆ. ಮೊರದಲ್ಲಿ ಕೇರಿ ಕಲ್ಲು ಬೇರೆ ಮಾಡುವ ಕೆಲಸವೇ ಇದು. ನಲ್ಲಿ ಮತ್ತು ಚರಂಡಿಗೆ ಜೋಡಿಸಿ ತೊಳೆಯುವ ಮಾದರಿಗಳೂ ಬಂದವು.

ಇಂಥ ಯಂತ್ರದ ಜೊತೆ ಬಾಳುವುದೆಂದರೆ ಬೆಕ್ಕಿನ ಒಪ್ಪಿಗೆ ಪಡೆಯುವುದು. ಸದ್ದಿಗೆ ಬೆದರಿದ ಬೆಕ್ಕು ಒಮ್ಮೆ ಹಾಸಿಗೆಯ ಮೇಲೆ ಕೆಲಸ ಮುಗಿಸಿತೆಂದರೆ ಯಂತ್ರದ ಬೆಲೆಯೆಲ್ಲ ನೀರಿನಲ್ಲಿ ಹೋಮ. ಅದಕ್ಕೇ ಹಳೆಯ ಪೆಟ್ಟಿಗೆಯನ್ನು ಕೆಲವು ವಾರ ಪಕ್ಕದಲ್ಲೇ ಇಟ್ಟು, ಯಂತ್ರವನ್ನು ಚಾಲೂ ಮಾಡದೆ ಅಭ್ಯಾಸ ಮಾಡಿಸುತ್ತಾರೆ. ತೂಕ ಕಡಿಮೆಯಿರುವ ಮರಿಗಳನ್ನು ಯಂತ್ರ ಗುರುತಿಸದೇ ಹೋಗುವ ಅಪಾಯವಿರುವುದರಿಂದ ಅವು ಬೆಳೆಯುವವರೆಗೆ ಅದನ್ನು ತಾನಾಗಿ ತಿರುಗಲು ಬಿಡಬಾರದು. ಲಾಭವೂ ಇಲ್ಲದಿಲ್ಲ. ಈಚಿನ ಯಂತ್ರಗಳು ಬೆಕ್ಕು ದಿನಕ್ಕೆ ಎಷ್ಟು ಸಲ ಬಂತು, ಎಷ್ಟು ತೂಗಿತು ಎಂಬ ಲೆಕ್ಕವನ್ನು ಫೋನಿಗೆ ಕಳಿಸುತ್ತವೆ. ಗಂಡುಬೆಕ್ಕಿಗೆ ಮೂತ್ರ ಕಟ್ಟಿದರೆ ಎರಡು ಮೂರು ದಿನಗಳಲ್ಲಿ ಜೀವಕ್ಕೇ ಸಂಚಕಾರ. ಅದು ಪದೇಪದೇ ಬಂದು ಬರಿದೇ ಹೋಗುತ್ತಿರುವುದು ಬೇಗ ಗೊತ್ತಾದರೆ ಪಶುವೈದ್ಯರ ಬಳಿ ಒಯ್ಯಬಹುದು.

ಹಳೆಯ ತಿಪ್ಪೆ ಪೂರಾ ನಿರ್ದೋಷಿಯಾಗಿತ್ತೆಂದೂ ಭ್ರಮಿಸಬೇಕಿಲ್ಲ. 1908ರಲ್ಲಿ ಟ್ಯುನಿಸ್‌ನಲ್ಲಿ ಮೊದಲು ಪತ್ತೆಯಾದ ಟೊಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದ ಮೂಲಕ ಹರಡುತ್ತದೆ ಎಂಬುದು ಖಚಿತವಾದದ್ದು 1970ರ ಹೊತ್ತಿಗೆ. ಬಸುರಿಯರಿಗೆ ಇದು ಹೊಸದಾಗಿ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಆದರೆ ಮಲದೊಡನೆ ಹೊರಬಿದ್ದ ಅದರ ಕೋಶಗಳು ಸೋಂಕು ಹತ್ತಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ದಿನಾ ತೆಗೆಯುವುದೇ ದೊಡ್ಡ ರಕ್ಷಣೆ, ಬಸುರಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು. ಪೆಟ್ಟಿಗೆ ತಿರುಗುತ್ತಿದೆಯೆಂದು ಖಾನೆಯನ್ನು ವಾರಗಟ್ಟಲೆ ಮರೆತರೆ ಈ ರಕ್ಷಣೆ ಅಷ್ಟಕ್ಕಷ್ಟೆ. ಶೌಚಾಲಯಕ್ಕೆ ಸುರಿದು ನೀರು ಬಿಡುವುದೂ ಪರಿಹಾರವಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯ ಕಡಲ ನೀರುನಾಯಿಗಳು ನೆಲದಿಂದ ಹರಿದು ಬಂದ ಇದೇ ಜೀವಿಯ ಸೋಂಕಿಗೆ ಬಲಿಯಾದದ್ದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಹಾಗಾದರೆ ಖಾನೆ ತುಂಬಿದ ಮೇಲೆ ಏನು? ಚೀಲದ ಬಾಯಿ ಕಟ್ಟಿ ಯಾರೋ ಎತ್ತಬೇಕು. ಬೆಂಗಳೂರಿನಲ್ಲಿ 2015ರ ಹೈಕೋರ್ಟ್ ಆದೇಶದಿಂದ ಬಂದ ‘ಎರಡು ಡಬ್ಬ, ಒಂದು ಚೀಲ’ ಪದ್ಧತಿಯಲ್ಲಿ ಅಡುಗೆಮನೆಯ ಹಸಿಕಸಕ್ಕೆ ಹಸಿರು ಡಬ್ಬ, ಮರುಬಳಕೆಯ ಒಣಕಸಕ್ಕೆ ಚೀಲ, ಎರಡಕ್ಕೂ ಸಲ್ಲದ್ದಕ್ಕೆ ಕೆಂಪು ಡಬ್ಬ. ಬೆಕ್ಕಿನ ಉಂಡೆಗಳ ಜಾಗ ಈ ಕೆಂಪು ಡಬ್ಬ. ಬೆಂಟೊನೈಟ್ ಕೊಳೆಯುವುದಿಲ್ಲ, ಉರಿಯುವುದಿಲ್ಲ. ಕಚ್ಛ್‌ನ ನೆಲದಿಂದ ಎದ್ದ ಮಣ್ಣು ಬೆಂಗಳೂರಿನ ಹೊರವಲಯದ ಕಸದ ಗುಂಡಿಯಲ್ಲಿ ಮತ್ತೆ ಮಣ್ಣಾಗಿ ಕೂರುತ್ತದೆ. ನಡುವಿನ ದಾರಿಯಲ್ಲಿ ಅದನ್ನು ಮುಟ್ಟುವುದು ಪೌರಕಾರ್ಮಿಕರ ಕೈ. ‘ತಾನೇ ಶುಚಿಯಾಗುವ’ ಎಂಬ ಮಾತು ನಿಜವಾಗುವುದು ಮನೆಯ ಬಾಗಿಲವರೆಗೆ ಮಾತ್ರ.

ಹೊಲಸನ್ನು ಕಣ್ಣಿಂದ ದೂರ ಮಾಡುವುದನ್ನೇ ಶುಚಿ ಎಂದು ಕರೆಯುವ ಅಭ್ಯಾಸ ಯಂತ್ರದಿಂದ ಬಂದದ್ದಲ್ಲ. ತಿಪ್ಪೆಯ ಬೆಕ್ಕು ತನ್ನದನ್ನು ತಾನೇ ಹೂಳುತ್ತಿದ್ದ ಕಾಲದಲ್ಲೇ, ಅದೇ ಸೀಮೆಯ ಪಟ್ಟಣಗಳಲ್ಲಿ ಮನುಷ್ಯರ ಮಲವನ್ನು ಮನುಷ್ಯರು ಹೊರುತ್ತಿದ್ದರು. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದ ಆರಂಭದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಅದಾಗಿ 17 ವರ್ಷಗಳ ಮೇಲೆ, 2010ರ ಜುಲೈಯಲ್ಲಿ, ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದಿದ್ದ ಭಂಗಿ ಸಮುದಾಯದ ಕೆಲವರು ಸವಣೂರಿನಲ್ಲಿ, ಪುರಸಭೆ ಕಚೇರಿಯ ಎದುರು, ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ವಾಸದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಅವರು ನಡೆಸಿದ ಪ್ರತಿಭಟನೆ ಅದು. ನಾಡಿಗೆ ನಾಡೇ ಆಗ ತಲೆತಗ್ಗಿಸಿತು. ಇನ್ನಷ್ಟು ಬಿಗಿಯಾದ ಕಾಯ್ದೆ 2013ರಲ್ಲಿ ಬಂದಿತು.

ಮನುಷ್ಯನ ಬದಲು ಮ್ಯಾನ್‌ಹೋಲಿಗೆ ಇಳಿದು ಹೂಳೆತ್ತುವ ಯಂತ್ರಮಾನವನೊಂದು ತಿರುವನಂತಪುರದಲ್ಲಿ ಕೆಲಸಕ್ಕಿಳಿದದ್ದು 2018ರಲ್ಲಿ. ಅಷ್ಟರಲ್ಲಿ ಬೆಕ್ಕಿನ ಪೆಟ್ಟಿಗೆ ಕುಂಟೆ ಹೊಡೆಯಲು ಆರಂಭಿಸಿ ಸುಮಾರು ಎರಡೂವರೆ ದಶಕಗಳಾಗಿದ್ದವು. ಕೇರಳದ ತರುಣ ಎಂಜಿನಿಯರುಗಳು ಕಟ್ಟಿದ ಆ ಯಂತ್ರಕ್ಕೆ ಅವರೇ ಇಟ್ಟ ಹೆಸರು ಬ್ಯಾಂಡಿಕೂಟ್, ಅಂದರೆ ಹೆಗ್ಗಣ.