ಚಿತ್ರ, ವೀಣೆ, ಗಾರೆ: ಕೆ. ವೆಂಕಟಪ್ಪನವರ ಕಲಾಜೀವನ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಮಲಾಪುರದ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಈಗ ಐವತ್ತು ದಾಟಿದೆ. ಮಕ್ಕಳು ಕೆಲಸಕ್ಕೆ ಸೇರಿದ್ದಾರೆ. ಮಾತಿನ ನಡುವೆ ಸಂಕೋಚದಿಂದ, "ಗುರುಗಳೇ, ಈ ವಯಸ್ಸಿನಲ್ಲಿ ಹಾರ್ಮೋನಿಯಂ ಕಲಿಯಲು ಸೇರಿದ್ದೇನೆ. ಮನೆಯವರು ನಗುತ್ತಾರೆ. ನೀವೂ ನಗುತ್ತೀರೋ ಏನೋ" ಎಂದರು. ನನಗೆ ನಗು ಬರಲಿಲ್ಲ. ಶಾಲೆಯಲ್ಲಿದ್ದಾಗ ಆ ಹುಡುಗ ಜೇಡಿಮಣ್ಣಿನಲ್ಲಿ ಎತ್ತು ಬಸವಣ್ಣಗಳನ್ನು ಮಾಡುತ್ತಿದ್ದ, ನೋಟುಪುಸ್ತಕದ ಅಂಚಿನಲ್ಲೆಲ್ಲ ಚಿತ್ರ ಬರೆಯುತ್ತಿದ್ದ, ಭಜನೆಯಲ್ಲಿ ಯಾರೂ ಕಲಿಸದೆಯೇ ಹಾರ್ಮೋನಿಯಂ ನುಡಿಸುತ್ತಿದ್ದ. ಅವನ ತಂದೆ ನನ್ನ ಸಲಹೆ ಕೇಳಿದಾಗ ನಾನು ಹೇಳಿದ್ದು ಇಷ್ಟೆ: "ಹತ್ತು ಕಡೆ ಕೈ ಹಾಕುವುದು ಬೇಡ. ಯಾವುದಾದರೂ ಒಂದನ್ನೇ ಹಿಡಿಯಲಿ." ಹುಡುಗ ಒಂದನ್ನೂ ಹಿಡಿಯಲಿಲ್ಲ, ಎಲ್ಲವನ್ನೂ ಬಿಟ್ಟ.

ಅವರು ಹೋದ ಮೇಲೆ ನನಗೆ 1986ರ ನಮ್ಮ ಶಾಲಾ ಪ್ರವಾಸ ನೆನಪಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿ, ಪಕ್ಕದಲ್ಲಿದ್ದ ವೆಂಕಟಪ್ಪ ಕಲಾಗ್ಯಾಲರಿಗೆ ಹೋಗಿದ್ದೆವು. ಮಕ್ಕಳೆಲ್ಲ ಹತ್ತು ನಿಮಿಷದಲ್ಲಿ ಹೊರಬಂದರು. ಈ ಹುಡುಗ ಮಾತ್ರ ಬಿಳಿಯ ಉಬ್ಬುಶಿಲ್ಪವೊಂದರ ಮುಂದೆ ನಿಂತುಬಿಟ್ಟಿದ್ದ. ಬಸ್ಸಿಗೆ ಹೊತ್ತಾಯಿತೆಂದು ನಾನೇ ಕೈಹಿಡಿದು ಕರೆತಂದೆ. ಅದು ಯಾರ ಕೃತಿ, ಆತನ ಬದುಕು ಎಂಥದು ಎಂದು ಅಂದು ನಾನು ಹೇಳಲಿಲ್ಲ. ಹೇಳುವಷ್ಟು ನನಗೆ ತಿಳಿದೂ ಇರಲಿಲ್ಲ. ಆ ಪಾಠವನ್ನು ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ.

ಕೆ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಯ ಆಶ್ರಯದಲ್ಲಿ ಪರಂಪರೆಯಿಂದ ಚಿತ್ರ ಬರೆಯುತ್ತಿದ್ದ ಚಿತ್ರಗಾರ ಮನೆತನದಲ್ಲಿ. ಈ ಚಿತ್ರಗಾರರು ತಮ್ಮ ಮೂಲವನ್ನು ವಿಜಯನಗರದವರೆಗೆ ಒಯ್ಯುತ್ತಾರೆ. 1565ರ ರಕ್ಕಸ-ತಂಗಡಿಯ ಕಾಳಗದ ಬಳಿಕ ನಮ್ಮ ಈ ರಾಜಧಾನಿ ಹಾಳಾದಾಗ, ಇಲ್ಲಿ ಗುಡಿ ಅರಮನೆಗಳನ್ನು ನಂಬಿ ಬದುಕಿದ್ದ ಕುಶಲಿಗಳು ಹೊಸ ಆಶ್ರಯಗಳನ್ನು ಅರಸಿಕೊಂಡು ಹೋದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಅನಂತರ ಮೈಸೂರು ಅಂಥ ಒಂದು ಆಶ್ರಯವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಶೈಲಿಯ ಚಿತ್ರಕಲೆ ಅರಳಿತು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ಕತ್ತೆತ್ತಿ ನೋಡಿದವರಿಗೆ ಗಿರಿಜಾ ಕಲ್ಯಾಣ, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರು, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನ ಕಾಣುತ್ತಾರೆ. ಆ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಮೈಸೂರಿನ ಚಿತ್ರಗಾರರು ತಮ್ಮ ಮನೆತನದ ನೆನಪನ್ನು ಇಲ್ಲಿನ ಮಣ್ಣಿಗೇ ಕಟ್ಟಿದ್ದಾರೆಂಬುದು ಕಮಲಾಪುರದವರಾದ ನಾವು ತಿಳಿದಿರಬೇಕಾದ ಸಂಗತಿ.

ಮೈಸೂರು ಚಿತ್ರದ ಒಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ಸಫೇದ, ಮಕ್ಕಿ ಮತ್ತು ಅಂಟನ್ನು ಕಲಸಿ ಮಾಡಿದ ಲೇಪವನ್ನು ಕುಂಚದಿಂದ ಹಚ್ಚಿ, ಆಭರಣ, ಕಿರೀಟ, ಜರಿಯಂಚುಗಳನ್ನು ಕೂದಲೆಳೆಯಷ್ಟು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ಎಂದರೆ ಈ ಮನೆತನಗಳಲ್ಲಿ ಚಿತ್ರವೂ ಶಿಲ್ಪವೂ ಪೂರ್ತಿ ಬೇರೆಯಾಗಿರಲಿಲ್ಲ. ಮುಂದೆ ವೆಂಕಟಪ್ಪನವರು ಗಾರೆಯ ಉಬ್ಬುಶಿಲ್ಪಕ್ಕೆ ಕೈಹಾಕಿದಾಗ, ಬಾಲ್ಯದಲ್ಲಿ ಕಂಡ ಈ ಕೂದಲೆಳೆಯ ಉಬ್ಬು ಅವರ ಬೆರಳಿನಲ್ಲಿ ಉಳಿದಿತ್ತೆಂದು ನಾನು ಊಹಿಸುತ್ತೇನೆ.

ತರುಣ ವೆಂಕಟಪ್ಪನವರ ಪ್ರತಿಭೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಗುರುತಿಸಿದರು. ಸಂಸ್ಥಾನದ ನೆರವಿನಿಂದ ಅವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಅಲ್ಲಿ ಗುರುಗಳಾಗಿ ದೊರೆತವರು ಅವನೀಂದ್ರನಾಥ ಠಾಕೂರರು. ನಂದಲಾಲ ಬೋಸರು ಆ ಶಿಷ್ಯಬಳಗದ ಹಿರಿಯರು. ಅದು ಭಾರತೀಯ ಕಲೆ ತನ್ನದೇ ದಾರಿಯನ್ನು ಹುಡುಕುತ್ತಿದ್ದ ಕಾಲ. ಜಪಾನೀ ಕಲಾವಿದರ ಸಂಪರ್ಕದಿಂದ ಅವನೀಂದ್ರನಾಥರು ರೂಢಿಸಿಕೊಂಡ ವಾಶ್ ವಿಧಾನವನ್ನು ಶಿಷ್ಯರೂ ಕಲಿತರು: ಕಾಗದದ ಮೇಲೆ ತೆಳುಬಣ್ಣ ಹಚ್ಚಿ, ನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ಹಚ್ಚಿ, ಮತ್ತೆ ನೆನೆಸಿ, ಬಣ್ಣವು ಕಾಗದದೊಳಗಿನಿಂದಲೇ ಮೂಡಿದಂತೆ ಮಾಡುವುದು. ಆತುರವುಳ್ಳವರಿಗೆ ಅದು ಒಲಿಯದು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಮತ್ತು ಬೌದ್ಧ ಪುರಾಣಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ 1913ರಲ್ಲಿ ಪ್ರಕಟವಾದಾಗ, ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಅದಕ್ಕೆ ಚಿತ್ರ ಬರೆದವರಲ್ಲಿ ವೆಂಕಟಪ್ಪನವರೂ ಒಬ್ಬರು. ಇನ್ನೂ ಮೂವತ್ತು ತುಂಬದ ಕನ್ನಡಿಗನೊಬ್ಬನ ರಾಮಾಯಣದ ಚಿತ್ರಗಳು ಹೀಗೆ ಪರದೇಶಗಳ ಓದುಗರನ್ನು ತಲುಪಿದವು.

ಕಲಿಕೆ ಮುಗಿಸಿ 1916ರ ಸುಮಾರಿಗೆ ಅವರು ನಾಡಿಗೆ ಮರಳಿದರು. ಹೆಸರಿತ್ತು, ಗುರುವಿನ ಮೆಚ್ಚುಗೆಯಿತ್ತು, ಅರಸರ ಒಲವಿತ್ತು. ನಮ್ಮಂಥವರು ಅಲ್ಲಿಗೆ ಗೆದ್ದೆವೆಂದುಕೊಂಡು ಅದನ್ನೇ ಬೆಳೆಸಿಕೊಂಡು ಹೋಗುತ್ತಿದ್ದೆವು. ವೆಂಕಟಪ್ಪನವರು ಮಾಡಿದ್ದು ಬೇರೆ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣನವರ ಮುಂದೆ ಅವರು ಶಿಷ್ಯರಾಗಿ ಕುಳಿತರು. ಶೇಷಣ್ಣನವರು 1852ರಲ್ಲಿ ಹುಟ್ಟಿದವರು. ವೈಣಿಕರಲ್ಲಿ ಅಗ್ರಗಣ್ಯರೆಂದು ದಕ್ಷಿಣದಲ್ಲೆಲ್ಲ ಹೆಸರಾದವರು. ಅಂಥವರ ಮುಂದೆ ಮೂವತ್ತರ ಆಚೆಯ ಚಿತ್ರಕಾರ ಮೊದಲ ಸರಳೆಯಿಂದ ಆರಂಭಿಸಬೇಕು. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲು, ಏಳು ತಂತಿ. ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ; ಸ್ಥಾನ ಎಳ್ಳಷ್ಟು ತಪ್ಪಿದರೂ ಸ್ವರ ಸುಳ್ಳಾಗುತ್ತದೆ. ಬೆರಳು ಬೊಬ್ಬೆಯೆದ್ದು ಗಟ್ಟಿಯಾಗುವವರೆಗೂ ತಂತಿ ನಾದ ಕೊಡದು. ಈ ಸಾಧನೆಯಲ್ಲಿ ಅವರು ಎಷ್ಟು ಮುಳುಗಿದರೆಂದರೆ ಚಿತ್ರಕಲೆ ಹಿಂದೆ ಸರಿಯಿತು. ತಮ್ಮ ಈ ಸ್ಥಿತಿಯನ್ನೇ ವಸ್ತುವಾಗಿಟ್ಟುಕೊಂಡು ಬಳಿಕ ಅವರು 'ವೀಣೆಯ ಹುಚ್ಚು' ಎಂಬ ಅರ್ಥದ ಹೆಸರಿನ ಚಿತ್ರವೊಂದನ್ನು ರಚಿಸಿದರು. ಜನ ಆಡಿಕೊಳ್ಳುವ ಮೊದಲೇ ತನ್ನನ್ನು ತಾನು ಹುಚ್ಚನೆಂದು ಕರೆದುಕೊಂಡ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

ಶೇಷಣ್ಣನವರು 1926ರಲ್ಲಿ ಕಾಲವಾದರು. ಅದೇ ವರ್ಷ, ತಮ್ಮ ನಾಲ್ವತ್ತನೆಯ ವಯಸ್ಸಿನಲ್ಲಿ, ವೆಂಕಟಪ್ಪನವರು ಊಟಿಯ ನಿಸರ್ಗವನ್ನು ಜಲವರ್ಣದಲ್ಲಿ ಬರೆದರು. 1934ರಲ್ಲಿ ಕೊಡೈಕೆನಾಲಿನ ಚಿತ್ರಗಳು ಬಂದವು. ಕಲ್ಕತ್ತೆಯಲ್ಲಿ ಕಲಿತ ದೇವತೆಗಳೂ ಪುರಾಣ ಪುರುಷರೂ ಈ ಚಿತ್ರಗಳಲ್ಲಿ ಇಲ್ಲ. ಇರುವುದು ಕೆರೆ, ಬೆಟ್ಟದ ಸಾಲು, ಮಳೆಗಾಲದ ಮೋಡ, ಮಂಜು ಸರಿದಾಗ ಇಳಿಯುವ ಬೆಳಕು. ಚಿತ್ರಗಳು ದೊಡ್ಡವೂ ಅಲ್ಲ. ಹತ್ತಿರ ಹೋದರೆ ಮಾತ್ರ ಮರದ ಎಲೆಗಳ ಗುಂಪು, ನೀರಿನ ಮೇಲಿನ ನೆರಳು ಎಷ್ಟು ಸೂಕ್ಷ್ಮವಾಗಿ ಬಂದಿದೆಯೆಂಬುದು ತಿಳಿಯುತ್ತದೆ. ಸ್ವರವನ್ನು ಹಿಡಿಯಲು ವರ್ಷಗಟ್ಟಲೆ ಕಿವಿಯನ್ನು ಹದಗೊಳಿಸಿದವರು ಈಗ ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಹಿಡಿಯಲು ಕಣ್ಣನ್ನು ಹದಗೊಳಿಸಿದ್ದರು. ವೀಣೆಗೆ ಕೊಟ್ಟ ವರ್ಷಗಳು ಚಿತ್ರಕ್ಕೆ ನಷ್ಟವೆಂದು ಹೇಳುವವರು ಈ ಚಿತ್ರಗಳ ಮುಂದೆ ಒಮ್ಮೆ ನಿಲ್ಲಬೇಕು.

ಮೂರನೆಯ ಘಟ್ಟ ಗಾರೆಯದು. ಮೈಸೂರಿನ ಅಂಬಾವಿಲಾಸ ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ರಚಿಸುವ ಕೆಲಸವನ್ನು ನಾಲ್ವಡಿಯವರು ಅವರಿಗೆ ವಹಿಸಿದರು. ಶಕುಂತಲೆಯು ಕಣ್ವಾಶ್ರಮದಿಂದ ಹೊರಡುವ ದೃಶ್ಯ, ಶಿವತಾಂಡವ ಮೊದಲಾದವು ಅವರ ಗಾರೆ ಕೃತಿಗಳು. ಜಿಪ್ಸಮ್ಮನ್ನು ಕಾಯಿಸಿ ಪುಡಿ ಮಾಡಿದ ಈ ವಸ್ತುವಿಗೆ ನೀರು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಯೋಚಿಸುತ್ತ ಕೂರಲು ಅವಕಾಶ ಕೊಡದು. ಉಬ್ಬುಶಿಲ್ಪದ ಕಷ್ಟವೂ ಬೇರೆಯೇ. ಬಣ್ಣವಿಲ್ಲ, ಪೂರ್ಣ ಗಾತ್ರವೂ ಇಲ್ಲ. ಒಂದೆರಡು ಬೆರಳಿನ ಆಳದೊಳಗೆ ಹತ್ತಿರದ ಮುಖ, ಹಿಂದಿನ ಮರ, ಅದರಾಚೆಯ ದೂರ ಎಲ್ಲವನ್ನೂ ನೆರಳು ಬೆಳಕಿನಿಂದಲೇ ಕಾಣಿಸಬೇಕು. ನಮ್ಮೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಮಲಮಹಲಿನ ಕಮಾನುಗಳ ಮೇಲೆ ಅಳಿದುಳಿದಿರುವ ಗಾರೆಯ ಬಳ್ಳಿ ಹಕ್ಕಿಗಳನ್ನು ಬೆಳಗಿನ ಹೊತ್ತು ನೋಡಿ, ಮತ್ತೆ ನಡುಹಗಲಿನಲ್ಲಿ ನೋಡಿದರೆ ಸಾಕು. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಜೀವಂತವಾಗಿದ್ದ ಹಕ್ಕಿ ನಡುಹಗಲಿಗೆ ಗೋಡೆಯೊಳಗೆ ಅಡಗಿಬಿಡುತ್ತದೆ. ಊಟಿಯಲ್ಲಿ ಬೆಳಕನ್ನು ಕಲಿತವರಿಗೆ ಈ ವಿದ್ಯೆಯ ಅರ್ಧ ಆಗಲೇ ಸಿದ್ಧಿಸಿತ್ತು.

ಆದರೆ ಈ ಘಟ್ಟವೇ ಅವರ ಬದುಕಿನ ಕಹಿಗೂ ಕಾರಣವಾಯಿತು. 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಕಲಾವಿದನಿಗೂ ಅರಸನಿಗೂ ನಡುವೆ ಇದ್ದ ವಿಶ್ವಾಸ ಅರಸನೊಂದಿಗೇ ಹೋಯಿತು. ವೆಂಕಟಪ್ಪನವರು ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದರು. ಅರಮನೆಗಾಗಿ ಮಾಡಿದ ಕೆಲಸದ ಪ್ರತಿಫಲ ತಮಗೆ ನ್ಯಾಯವಾಗಿ ಸಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ತೀರ್ಪು ಅವರ ಪರವಾಗಿ ಬರಲಿಲ್ಲ.

ಇದನ್ನು ಕೆಲವರು ಕೃತಘ್ನತೆಯೆಂದು ಕಾಣಬಹುದು: ಓದಿಸಿದ ಅರಮನೆಯ ಮೇಲೆಯೇ ದಾವೆಯೇ? ನಾನೂ ಮೊದಮೊದಲು ಹಾಗೆಯೇ ಯೋಚಿಸಿದ್ದೆ. ಈಗ ಬೇರೆಯಾಗಿ ತೋರುತ್ತದೆ. ಅವರ ಹಿರಿಯರು ಅರಸರು ಕೊಟ್ಟದ್ದನ್ನು ಕೈಚಾಚಿ ಪಡೆದವರು. ಅವರ ಹೆಸರುಗಳೂ ಚಿತ್ರಗಳ ಮೇಲೆ ಉಳಿದಿಲ್ಲ. ವಿರೂಪಾಕ್ಷನ ರಂಗಮಂಟಪದ ಚಾವಣಿಯನ್ನು ಬರೆದವರು ಯಾರೆಂದು ನಮ್ಮಲ್ಲಿ ಯಾರು ಬಲ್ಲರು? ಅದೇ ಪರಂಪರೆಯ ಕೂಸು ಎದ್ದುನಿಂತು, ನನ್ನ ಶ್ರಮಕ್ಕೂ ಕಾಲಕ್ಕೂ ಬೆಲೆಯುಂಟು, ಅದು ದಾನವಲ್ಲ, ಲೆಕ್ಕಕ್ಕೆ ಸಲ್ಲತಕ್ಕದ್ದು ಎಂದು ಕೇಳಿತು. ಒಂದೊಂದು ವಿದ್ಯೆಗೂ ವರ್ಷಗಳನ್ನು ತೆತ್ತವರಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಸೋತರೆಂಬುದು ನಿಜ, ಕೇಳಿದ್ದು ತಪ್ಪೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

ವೆಂಕಟಪ್ಪನವರು ಮದುವೆಯಾಗಲಿಲ್ಲ. ಕಟ್ಟುನಿಟ್ಟಾದ, ಸರಳವಾದ ಜೀವನ. ದಿನಚರಿ ಬರೆಯುವ ಅಭ್ಯಾಸ. ಒಪ್ಪದ್ದನ್ನು ಒಪ್ಪದ ಸ್ವಭಾವ. ಕಡೆಯ ವರ್ಷಗಳಲ್ಲಿ ಕೇಂದ್ರ ಲಲಿತ ಕಲಾ ಅಕಾಡೆಮಿಯ ಫೆಲೋ ಗೌರವ ಅವರಿಗೆ ಸಂದಿತು. 1965ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಅವರ ಹೆಸರಿನ ಗ್ಯಾಲರಿ ತೆರೆಯಿತು. ಊಟಿಯ ಮಂಜು, ಶಕುಂತಲೆಯ ಬೀಳ್ಕೊಡುಗೆ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಸೇರಿದವು. ಅವರು ನುಡಿಸಿದ ನಾದವೊಂದೇ ಅಲ್ಲಿಲ್ಲ.

ಈ ಬದುಕನ್ನು ಓದಿದ ಮೇಲೆ ನನಗೆ ಮುಖ್ಯವಾಗಿ ಕಂಡದ್ದು, ಅವರು ಎಷ್ಟು ಕಲೆಗಳನ್ನು ಬಲ್ಲವರಾಗಿದ್ದರು ಎಂಬುದಲ್ಲ. ಹೆಸರು ಬಂದ ಮೇಲೆಯೂ ಮತ್ತೆ ಮತ್ತೆ ವಿದ್ಯಾರ್ಥಿಯಾಗಲು ಅವರು ಅಂಜಲಿಲ್ಲ ಎಂಬುದು. ಕಲ್ಕತ್ತೆಯಲ್ಲಿ ಕಲಿತದ್ದು ಕೈಗೆ ಬಂದಾಗ ವೀಣೆಯ ಮುಂದೆ ಕುಳಿತರು. ನಾದ ಒಲಿದಾಗ ಬೆಟ್ಟದ ಮುಂದೆ. ಆಮೇಲೆ ಗಾರೆಯ ಮುಂದೆ. ಪ್ರತಿ ಸಲವೂ ಪೂರ್ತಿಯಾಗಿ. ನಾನು ಆ ಹುಡುಗನ ತಂದೆಗೆ ಹೇಳಿದ ಮಾತಿನಲ್ಲಿದ್ದ ತಪ್ಪು ಇಲ್ಲಿದೆ. ಹಲವನ್ನು ಹಿಡಿದರೆ ಕೆಡುತ್ತಾರೆಂದು ನಾನು ತಿಳಿದಿದ್ದೆ. ಅರೆಮನಸ್ಸಿನಿಂದ ಹಿಡಿದರೆ ಒಂದು ಹಿಡಿದರೂ ಕೆಡುತ್ತಾರೆ. ಮನಸ್ಸಿಟ್ಟು ಹಿಡಿದರೆ ಒಂದರ ಅಭ್ಯಾಸ ಇನ್ನೊಂದಕ್ಕೆ ನೀರೆರೆಯುತ್ತದೆ. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಇದು ನಿವೃತ್ತನಾದ ಬಳಿಕ ತಿಳಿಯಿತು.

ಅಂದು ಮನೆಗೆ ಬಂದಿದ್ದ ಶಿಷ್ಯರಿಗೆ ನಾನು ಕ್ಷಮೆ ಕೇಳಿದೆ. ಅವರು ಗಾಬರಿಯಾಗಿ ಕಾಲು ಮುಟ್ಟಲು ಬಂದರು. ಮುಂದಿನ ಸಲ ಬರುವಾಗ ಹಾರ್ಮೋನಿಯಂ ತರುವುದಾಗಿ ಹೇಳಿ ಹೋಗಿದ್ದಾರೆ. ಈ ಬರಹವನ್ನು ಓದುವ ನನ್ನ ಉಳಿದ ಶಿಷ್ಯರೂ ಬಂಧುಗಳೂ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಆ ಗ್ಯಾಲರಿಯನ್ನು ನೋಡಿ ಬರಬೇಕೆಂದು ಕೋರುತ್ತೇನೆ. ಮಕ್ಕಳನ್ನು ಕರೆದೊಯ್ದರೆ, ಅವರು ಯಾವುದಾದರೊಂದು ಕೃತಿಯ ಮುಂದೆ ನಿಂತುಬಿಟ್ಟರೆ, ಬಸ್ಸಿಗೆ ಹೊತ್ತಾಯಿತೆಂದು ಕೈಹಿಡಿದು ಎಳೆಯಬೇಡಿರಿ.