ಹಂಚು ಹಾರಿದ ರಾತ್ರಿಗೆ ಏನು ದಾರಿ?

ಗಾಳಿಮಳೆಗೆ ಮಾಡು ಹೋದರೆ ಆ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸುವುದು? ನಮ್ಮ ಕಾಸರಗೋಡು ಸೀಮೆಯಲ್ಲಿ ಈ ಪ್ರಶ್ನೆ ಹಳೆಯದು. ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಮುಳಿಹುಲ್ಲಿನ ಮಾಡು ಇದ್ದ ಕಾಲದಲ್ಲಿ ತಾತ್ಕಾಲಿಕ ರಿಪೇರಿ ಅಂತ ಬೇರೆ ಇರಲಿಲ್ಲ. ಮಳೆಗಾಲಕ್ಕೆ ಮೊದಲು ಹೇಗೂ ಹೊಸದಾಗಿ ಹೊದೆಸಬೇಕು. ಅದಕ್ಕೆ ಬೇಕಾದ ಹೆಣೆದ ಮಡಲು, ಅಡಿಕೆ ಸಲಿಕೆ, ತೆಂಗಿನ ನಾರಿನ ಹಗ್ಗ ಎಲ್ಲವೂ ತೋಟದಲ್ಲೇ ಹುಟ್ಟುವ ವಸ್ತುಗಳು. ಗಾಳಿ ಒಂದು ಮೂಲೆ ಕಿತ್ತರೆ ಮಡಲು ಕಟ್ಟಿ ಮುಚ್ಚುತ್ತಿದ್ದರು. ಹೆಣೆಯುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಮನೆ ಕಾಯುವ ವಿದ್ಯೆ ಅವರ ಕೈಯಲ್ಲಿತ್ತು ಅಂದರೆ ತಪ್ಪಿಲ್ಲ.

1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. ಆಗ ನಾವೂ ದಕ್ಷಿಣ ಕನ್ನಡ ಜಿಲ್ಲೆಯವರೇ, 1956ರವರೆಗೂ. ಆದರೆ ಹಂಚು ಬಡವರ ಮನೆಗೆ ಬರಲು ಬಹಳ ಕಾಲ ಹಿಡಿಯಿತು. ನೆಲವೇ ತನ್ನದಲ್ಲದವನು ಹಂಚು ಹೊದೆಸುವ ಧೈರ್ಯ ಹೇಗೆ ಮಾಡಿಯಾನು? 1970 ಜನವರಿ 1ರಂದು ಕೇರಳದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಪಂಚಾಯತು ಪ್ರದೇಶದಲ್ಲಿ ಗುಡಿಸಲಿನವರಿಗೆ 10 ಸೆಂಟ್ಸಿನವರೆಗೆ ಸ್ವಂತ ಮಾಡಿಕೊಳ್ಳುವ ಹಕ್ಕು ಸಿಕ್ಕಿತು. ಮಾಡಿನ ಚರಿತ್ರೆ ಅಂದರೆ ನೆಲದ ಚರಿತ್ರೆಯೂ ಹೌದು.

ಹಂಚಿಗೆ ಒಂದು ದೌರ್ಬಲ್ಯ ಉಂಟು. ಸಾಮಾನ್ಯವಾಗಿ ಅದಕ್ಕೆ ಮೊಳೆ ಹೊಡೆಯುವುದಿಲ್ಲ. ರೀಪಿಗೆ ಸಿಕ್ಕಿಸಿಕೊಂಡು ತನ್ನ ಭಾರದಿಂದಲೇ ನಿಲ್ಲುತ್ತದೆ. ಜೋರು ಗಾಳಿ ಮಾಡನ್ನು ಮೇಲಕ್ಕೆ ಸೆಳೆಯುವಾಗ ಮೊದಲು ಹೋಗುವುದು ಅಂಚಿನದ್ದು ಮತ್ತು ನೆತ್ತಿಯದ್ದು. ಒಡೆದದ್ದು ಒಂದೆರಡಾದರೆ ಅಡಿಯಿಂದ ಅಡಿಕೆ ಹಾಳೆ ತೂರಿಸಿದರೆ ಸಾಕು. ಸಾಲೇ ಹೋದರೆ ಟರ್ಪಾಲು ಬೇಕು. ಅದನ್ನು ನೆತ್ತಿ ದಾಟಿಸಿ ಆಚೆ ಬದಿಗೂ ಇಳಿಸಬೇಕು, ಇಲ್ಲವಾದರೆ ನೀರು ಅದರ ಅಡಿಗೇ ಹರಿಯುತ್ತದೆ. ಅಂಚನ್ನು ಮರದ ಪಟ್ಟಿಗೆ ಸುತ್ತಿ ಕಟ್ಟಬೇಕು. ಬರೀ ಕಲ್ಲು ಹೇರಿದರೆ ಮುಂದಿನ ಗಾಳಿಗೆ ಕಲ್ಲು ತಲೆಯ ಮೇಲೆ ಬೀಳುತ್ತದೆ. ಪಾಚಿ ಹಿಡಿದ ಒದ್ದೆ ಹಂಚಿನ ಮೇಲೆ ಹತ್ತುವುದಂತೂ ಬೇಡವೇ ಬೇಡ.

2021ರ ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಕೊರೋನಾ ಲಾಕ್‌ಡೌನ್ ಆರಂಭವಾಗಿ ಒಂದು ವಾರ ಆಗಿತ್ತಷ್ಟೆ. ಹತ್ತು ಜನ ಸೇರಿ ಮಾಡು ಹತ್ತುವ ಊರಿನ ಕ್ರಮಕ್ಕೇ ತಡೆ. ಜೂನ್ 3ಕ್ಕೆ ಮುಂಗಾರು ಕೇರಳ ಮುಟ್ಟಿತು. ನಡುವೆ ಸಿಕ್ಕಿದ್ದು ಮೂರು ವಾರವೂ ಇಲ್ಲ. ವಸ್ತುವಿಗಿಂತ ಜನರೇ ಮುಖ್ಯ ಅಂತ ನನಗೆ ಅನಿಸಿದ್ದು ಆಗ.

ಈಗ ಮಡಲು ಹೆಣೆಯಬಲ್ಲವರು ಕಡಿಮೆ, ಮುಳಿ ಬೆಳೆಯುತ್ತಿದ್ದ ಎಷ್ಟೋ ಗುಡ್ಡಗಳಲ್ಲಿ ರಬ್ಬರು ನಿಂತಿದೆ. ಹಳೆಯದು ಮರಳಿ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ವಾಚನಾಲಯದ ಕಪಾಟಿನಲ್ಲಿ ಪುಸ್ತಕದ ಜೊತೆ ನಾಲ್ಕು ಟರ್ಪಾಲು, ಎರಡು ಸುರುಳಿ ಹಗ್ಗ, ಮಾಡಿನ ಕೆಲಸ ಬಲ್ಲವರ ಒಂದು ಪಟ್ಟಿ ಇರಲಿ. ಎಡವಪಾತಿ ಮಳೆಗೆ ಮೊದಲು ಇಷ್ಟು ಮಾಡುವುದು ಕಷ್ಟವಲ್ಲ.